ಒಂದು ದ್ವೀಪದ ಆಪದ್ಧನ

ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಐಸ್‌ಲೆಂಡ್ ಎಂಬ ದ್ವೀಪರಾಷ್ಟ್ರವಿದೆ. ಹಿಮನದಿಗಳೂ ಬೆಂಕಿಯುಗುಳುವ ಪರ್ವತಗಳೂ ಒಂದೇ ನೆಲದಲ್ಲಿ ನೆಲೆಸಿರುವ ವಿಚಿತ್ರವಾದ ನಾಡು ಅದು. ಅದರ ದಕ್ಷಿಣ ತೀರಕ್ಕೆ ಎದುರಾಗಿ ಸುಮಾರು 15 ಸಣ್ಣ ದ್ವೀಪಗಳ ಗುಂಪೊಂದು ಕಡಲಿನಿಂದ ತಲೆಯೆತ್ತಿ ನಿಂತಿದೆ. ಇವುಗಳಿಗೆ ವೆಸ್ಟ್‌ಮನ್ ದ್ವೀಪಗಳೆಂದು ಹೆಸರು. ಇವೆಲ್ಲವೂ ಜ್ವಾಲಾಮುಖಿಗಳಿಂದ ಹುಟ್ಟಿದವು. ಇವುಗಳಲ್ಲಿ ಒಂದಾದ ಸುರ್ಟ್ಸೆ ಎಂಬ ದ್ವೀಪವಂತೂ 1963ರಲ್ಲಿ ಜಗತ್ತು ನೋಡುನೋಡುತ್ತಿದ್ದಂತೆಯೇ ಕಡಲ ತಳದಿಂದ ಮೇಲೆದ್ದು ಬಂದಿತು. ಈ ಗುಂಪಿನಲ್ಲಿ ಜನವಸತಿ ಇರುವುದು ಹೇಮಾಯ್ ಎಂಬ ಒಂದೇ ಒಂದು ದ್ವೀಪದಲ್ಲಿ. ಅದರ ವಿಸ್ತಾರ ಇಂದಿಗೂ ಹದಿನಾಲ್ಕು ಚದರ ಕಿಲೋಮೀಟರನ್ನು ಮುಟ್ಟುವುದಿಲ್ಲ. ಅಲ್ಲಿ ನದಿಯಿಲ್ಲ, ತೊರೆಯಿಲ್ಲ. ವ್ಯವಸಾಯಕ್ಕೆ ಯೋಗ್ಯವಾದ ಭೂಮಿ ಅತ್ಯಲ್ಪ. ಆದರೂ ಸಾವಿರ ವರ್ಷಗಳಿಂದ ಜನ ಅಲ್ಲಿ ಬಾಳಿಕೊಂಡು ಬಂದಿದ್ದಾರೆ.

ಅವರನ್ನು ಅಲ್ಲಿ ಉಳಿಸಿದುದು ಕಡಲು. ದ್ವೀಪದ ಸುತ್ತಲಿನ ನೀರಿನಲ್ಲಿ ಕಾಡ್ ಮೊದಲಾದ ಮೀನುಗಳು ಹೇರಳವಾಗಿವೆ. ಚಳಿಗಾಲದ ಕೊನೆಯಲ್ಲಿ, ಫೆಬ್ರುವರಿಯಿಂದ ಮೇ ತಿಂಗಳವರೆಗೆ, ಮೊಟ್ಟೆಯಿಡಲು ಈ ಮೀನುಗಳು ತೀರದ ಕಡೆಗೆ ಹಿಂಡುಹಿಂಡಾಗಿ ಬರುತ್ತವೆ. ಅದೇ ಅಲ್ಲಿನ ಮೀನುಗಾರಿಕೆಯ ಸುಗ್ಗಿ. ಆದರೆ ಬಿರುಗಾಳಿಯ ಕಾಲವೂ ಅದೇ. ಹಗಲು ಕಿರಿದು, ನೀರು ಮಂಜಿನಂತೆ ತಣ್ಣಗೆ, ಗಾಳಿಗೆ ಗೊತ್ತುಗುರಿಯಿಲ್ಲ. ಹೇಮಾಯ್ ದ್ವೀಪದ ದಕ್ಷಿಣ ತುದಿಯು ಇಡೀ ಯುರೋಪಿನಲ್ಲಿಯೇ ಅತ್ಯಂತ ಹೆಚ್ಚು ಗಾಳಿ ಬೀಸುವ ಸ್ಥಳಗಳಲ್ಲಿ ಒಂದೆಂದು ಹೆಸರಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಲ್ಲಿನ ಮೀನುಗಾರರು ಇಂಥ ಕಡಲಿಗೆ ಇಳಿಯುತ್ತಿದ್ದುದು ಮೇಲ್ಮುಚ್ಚಿಗೆಯಿಲ್ಲದ ಮರದ ದೋಣಿಗಳಲ್ಲಿ. ಎಂಟು, ಹತ್ತು ಹುಟ್ಟುಗಳನ್ನು ಹಾಕಿ ನಡೆಸುವ ಆ ದೋಣಿಗಳಿಗೆ ಮನುಷ್ಯನ ತೋಳ್ಬಲ ಮತ್ತು ಒಂದು ಹಾಯಿ, ಇವೇ ಆಧಾರವಾಗಿದ್ದವು.

ಆ ನಾಡಿನಲ್ಲಿ ದೋಣಿಯೆಂಬುದು ಸಾಮಾನ್ಯವಾದ ಸ್ವತ್ತಾಗಿರಲಿಲ್ಲ. ಐಸ್‌ಲೆಂಡಿನಲ್ಲಿ ದೊಡ್ಡ ಮರಗಳು ಬೆಳೆಯುವುದು ಬಲು ಅಪರೂಪ. ದೋಣಿಗೆ ಬೇಕಾದ ಮರವನ್ನು ಬಹುಮಟ್ಟಿಗೆ ಹೊರದೇಶಗಳಿಂದ ತರಿಸಬೇಕಾಗಿತ್ತು. ಆದುದರಿಂದ ಒಂದು ದೋಣಿಯನ್ನು ಕಟ್ಟಿಸುವ ಶಕ್ತಿ ಒಬ್ಬೊಬ್ಬನಿಗೆ ಇರುವುದು ವಿರಳ. ಹಲವರು ಕೂಡಿ, ಪಾಲು ಹಾಕಿ, ಒಂದು ದೋಣಿಯನ್ನು ಹೊಂದುತ್ತಿದ್ದರು. ಅಂಥ ದೋಣಿಯೊಂದು ಬಂಡೆಗೆ ಬಡಿದು ನುಚ್ಚುನೂರಾದರೆ ಹಾಳಾಗುತ್ತಿದ್ದುದು ಮರದ ತುಂಡುಗಳು ಮಾತ್ರವೇ? ಆ ವರ್ಷದ ಸುಗ್ಗಿ ಹೋಯಿತು. ಚಳಿಗಾಲಕ್ಕೆ ಕೂಡಿಡಬೇಕಾದ ಒಣಮೀನು ಹೋಯಿತು. ವ್ಯಾಪಾರಿಯಿಂದ ಕಡ ತಂದ ಧಾನ್ಯಕ್ಕೆ ಮರುಪಾವತಿ ಮಾಡುವ ದಾರಿ ಹೋಯಿತು. ನಾಲ್ಕೈದು ಮನೆಗಳು ಒಂದೇ ದಿನ ಬಡತನಕ್ಕೆ ಬೀಳುತ್ತಿದ್ದವು. ದೋಣಿಯೊಡನೆ ದುಡಿಯುವ ಗಂಡಸರೂ ಮುಳುಗಿದ್ದರೆ ಆ ಮನೆಗಳ ಪಾಡು ಹೇಳತೀರದು.

ಇಂಥ ಪರಿಸ್ಥಿತಿಯಲ್ಲಿ 1862ರಲ್ಲಿ ದ್ವೀಪದ ದೋಣಿಗಳ ಒಡೆಯರು ಒಂದುಗೂಡಿ ತಮ್ಮದೇ ಆದ ದೋಣಿವಿಮಾ ಸಂಘವೊಂದನ್ನು ಸ್ಥಾಪಿಸಿಕೊಂಡರು. ಆಗ ದ್ವೀಪದಲ್ಲಿದ್ದವರು ಕೆಲವು ನೂರು ಜನ ಮಾತ್ರ. ಐಸ್‌ಲೆಂಡ್ ಇನ್ನೂ ಡೆನ್ಮಾರ್ಕಿನ ಆಳಿಕೆಗೆ ಒಳಪಟ್ಟಿದ್ದ ಕಾಲ ಅದು. ಈ ಕಾರ್ಯಕ್ಕೆ ಮುಂದಾಳಾಗಿ ನಿಂತವನು ಅಲ್ಲಿನ ಆಡಳಿತಾಧಿಕಾರಿಯಾಗಿದ್ದ ಬ್ಯಾರ್ನಿ ಮ್ಯಾಗ್ನುಸ್ಸನ್. ಅದೇ ವರ್ಷ ಅವನೂ ಅವನ ಸಂಗಡಿಗರೂ ಸೇರಿ ದ್ವೀಪದಲ್ಲಿ ಒಂದು ವಾಚನ ಸಂಘವನ್ನೂ ಆರಂಭಿಸಿದರು. ಇಂದಿನ ಸಾರ್ವಜನಿಕ ಗ್ರಂಥಾಲಯಕ್ಕೆ ಅದೇ ಮೂಲ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಆಪದ್ಧನ—ಇವೆರಡನ್ನೂ ಒಂದೇ ವರ್ಷ ಕೂಡಿಸಿಕೊಂಡ ಆ ಪುಟ್ಟ ಊರಿನ ದೂರದೃಷ್ಟಿ ಮೆಚ್ಚತಕ್ಕದ್ದು. ಐಸ್‌ಲೆಂಡಿನ ಅತ್ಯಂತ ಹಳೆಯ ವಿಮಾ ಸಂಸ್ಥೆಗಳಲ್ಲಿ ಒಂದೆಂದು ಎಣಿಸಲ್ಪಡುವ ಈ ಸಂಘ ನೂರು ವರ್ಷಗಳಿಗೂ ಹೆಚ್ಚು ಕಾಲ ಬಾಳಿತು.

ವಿಮೆಯ ತತ್ತ್ವವೇನು? ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆಯಲ್ಲಿ ಅದರ ಸಾರವೆಲ್ಲ ಅಡಗಿದೆ. ಒಬ್ಬನಿಂದ ಹೊರಲಾಗದ ನಷ್ಟವನ್ನು ಹಲವರು ಹಂಚಿಕೊಂಡರೆ ಒಬ್ಬೊಬ್ಬನ ಪಾಲಿಗೆ ಬರುವುದು ಒಂದು ಹುಲ್ಲುಕಡ್ಡಿಯ ಭಾರ. ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಒಂದು ಊರಿನಲ್ಲಿ 40 ದೋಣಿಗಳಿವೆಯೆಂದೂ, ಪ್ರತಿಯೊಂದರ ಬೆಲೆ 1,000 ರೂಪಾಯಿಗಳೆಂದೂ ಭಾವಿಸೋಣ. ಹಿಂದಿನ ಅನುಭವದಂತೆ ಹತ್ತು ವರ್ಷಗಳಲ್ಲಿ 4 ದೋಣಿಗಳು ನಾಶವಾಗುತ್ತವೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಹತ್ತು ವರ್ಷಗಳ ಒಟ್ಟು ನಷ್ಟ 4,000 ರೂಪಾಯಿ. ಒಂದು ವರ್ಷಕ್ಕೆ 400 ರೂಪಾಯಿ. ಇದನ್ನು 40 ದೋಣಿಗಳಿಗೆ ಹಂಚಿದರೆ ಪ್ರತಿ ದೋಣಿಯೂ ವರ್ಷಕ್ಕೆ ಕೊಡಬೇಕಾದುದು 10 ರೂಪಾಯಿ ಮಾತ್ರ. ಯಾರ ದೋಣಿ ಮುಳುಗುವುದೆಂದು ಯಾರೂ ಬಲ್ಲವರಲ್ಲ. ಆದರೆ ಸುಮಾರು ಎಷ್ಟು ದೋಣಿಗಳು ಮುಳುಗಬಹುದೆಂಬುದನ್ನು ಊರು ಬಲ್ಲದು. ಒಬ್ಬನ ಪಾಲಿಗೆ ಅನಿಶ್ಚಿತವಾದುದು ಹಲವರನ್ನು ಕೂಡಿಸಿದಾಗ ನಿಶ್ಚಿತಕ್ಕೆ ಹತ್ತಿರವಾಗುತ್ತದೆ. 1,000 ರೂಪಾಯಿಗಳ ಭಯವನ್ನು 10 ರೂಪಾಯಿಗಳ ವೆಚ್ಚವನ್ನಾಗಿ ಮಾರ್ಪಡಿಸುವುದೇ ವಿಮೆಯ ಕೆಲಸ. ಹೀಗೆ ವರ್ಷ ವರ್ಷ ಸಲ್ಲಿಸುವ ಹಣಕ್ಕೆ ವಿಮಾ ಕಂತು ಎಂದು ಹೆಸರು.

ದೋಣಿಯ ಒಡೆಯರೇ ಸದಸ್ಯರಾಗಿ, ಸದಸ್ಯರೇ ಒಡೆಯರಾಗಿರುವ ಇಂಥ ಸಂಸ್ಥೆಯನ್ನು ಪರಸ್ಪರ ವಿಮಾ ಸಂಘವೆನ್ನುತ್ತಾರೆ. ಇದರಲ್ಲಿ ಲಾಭವನ್ನು ಹಂಚಿಕೊಳ್ಳುವ ಹೊರಗಿನ ಪಾಲುದಾರರಿರುವುದಿಲ್ಲ. ಒಳ್ಳೆಯ ವರ್ಷಗಳಲ್ಲಿ ಉಳಿದ ಹಣ ನಿಧಿಯಾಗಿ ಬೆಳೆಯುತ್ತದೆ; ಕೆಟ್ಟ ವರ್ಷ ಬಂದಾಗ ಅದೇ ಕೈಹಿಡಿಯುತ್ತದೆ. ಅದೂ ಸಾಲದಾದರೆ ಸದಸ್ಯರು ಹೆಚ್ಚಿನ ವಂತಿಗೆಯನ್ನು ತೆರಬೇಕಾಗುತ್ತದೆ. ಆದುದರಿಂದ ನೆರೆಯವನ ದೋಣಿ ಭದ್ರವಾಗಿದೆಯೇ ಎಂಬ ವಿಷಯದಲ್ಲಿ ಪ್ರತಿಯೊಬ್ಬನಿಗೂ ಆಸಕ್ತಿಯುಂಟಾಗುತ್ತದೆ. ನೆರೆಯವನ ಅಜಾಗರೂಕತೆಗೆ ಬೆಲೆ ತೆರುವವನು ತಾನೇ ಎಂಬ ಅರಿವು ಎಲ್ಲರನ್ನೂ ಎಚ್ಚರಿಸುತ್ತದೆ.

ಊರಿನ ಸಂಘಕ್ಕೆ ದೂರದ ನಗರದ ಕಂಪನಿಗೆ ಇಲ್ಲದ ಒಂದು ಬಲವಿದೆ. ಅದು ತಿಳಿವಳಿಕೆಯ ಬಲ. ಯಾವ ದೋಣಿ ಎಷ್ಟು ಹಳೆಯದು, ಯಾವುದರ ಹಲಗೆ ಸಡಿಲವಾಗಿದೆ, ಯಾವ ತಂಡೇಲ ವಿವೇಕಿ, ಯಾವನು ಗಾಳಿಯ ಲಕ್ಷಣವನ್ನು ಕಂಡೂ ಕಡಲಿಗಿಳಿಯುವ ದುಡುಕಿನವನು—ಇವೆಲ್ಲವೂ ಊರಿನವರಿಗೆ ಅಂಗೈ ನೆಲ್ಲಿಯಂತೆ ತಿಳಿದಿರುತ್ತವೆ. ಸಾಮಾನ್ಯವಾಗಿ ಇಂಥ ಸಂಘಗಳು ಅನುಭವಿಗಳಿಂದ ದೋಣಿಗಳನ್ನು ಪರೀಕ್ಷೆ ಮಾಡಿಸಿ ಬೆಲೆ ಕಟ್ಟಿಸುತ್ತವೆ. ದುರಸ್ತಿ ಬೇಕಾದ ದೋಣಿಗೆ ದುರಸ್ತಿಯಾಗುವವರೆಗೆ ವಿಮೆಯ ರಕ್ಷಣೆಯನ್ನು ಕೊಡುವುದಿಲ್ಲ. ನಷ್ಟವಾದಾಗ ಪೂರ್ಣ ಬೆಲೆಯನ್ನು ಕೊಡದೆ ಒಂದು ಭಾಗವನ್ನು ಒಡೆಯನೇ ಹೊರುವಂತೆ ಮಾಡುವುದೂ ಉಂಟು. ಇದು ಜಿಪುಣತನವಲ್ಲ. ನಷ್ಟದ ಒಂದು ಪಾಲು ತನ್ನ ಮೇಲೆಯೇ ಬೀಳುವುದೆಂದು ತಿಳಿದಾಗ ಮನುಷ್ಯ ತನ್ನ ಸ್ವತ್ತನ್ನು ಹೆಚ್ಚು ಜೋಪಾನವಾಗಿ ನೋಡಿಕೊಳ್ಳುತ್ತಾನೆ. ಮೋಸಕ್ಕೂ ಅಲ್ಲಿ ಎಡೆ ಕಡಿಮೆ. ಏಕೆಂದರೆ ಒಂದೇ ಬಂದರಿನಲ್ಲಿ ದಿನವೂ ಮುಖ ನೋಡುವ ಜನರ ಕಣ್ಣು ತಪ್ಪಿಸುವುದು ಸುಲಭವಲ್ಲ.

ಐಸ್‌ಲೆಂಡಿನ ಜನರಿಗೆ ಇಂಥ ವ್ಯವಸ್ಥೆ ತೀರ ಹೊಸದೇನೂ ಆಗಿರಲಿಲ್ಲ. ಗ್ರಾಗಾಸ್ ಎಂದು ಹೆಸರಾದ ಅವರ ಮಧ್ಯಯುಗದ ಕಾನೂನು ಸಂಗ್ರಹದಲ್ಲಿಯೇ ಇದರ ಬೇರುಗಳಿವೆ. ಆ ಕಾಲದಲ್ಲಿ ಕನಿಷ್ಠ ಇಪ್ಪತ್ತು ಮಂದಿ ರೈತರು ಸೇರಿ ಒಂದು ಸ್ಥಳೀಯ ಸಮುದಾಯವಾಗುತ್ತಿತ್ತು. ಬಡವರ ಪೋಷಣೆ ಅದರ ಹೊಣೆಯಾಗಿತ್ತು. ರೋಗ ತಗಲಿ ಒಬ್ಬನ ದನಕರುಗಳಲ್ಲಿ ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಸತ್ತರೆ, ಆ ನಷ್ಟದ ಅರ್ಧವನ್ನು ಸಮುದಾಯದ ಉಳಿದವರು ಕೂಡಿ ತುಂಬಿಕೊಡಬೇಕೆಂದು ಆ ಕಾನೂನು ವಿಧಿಸಿತ್ತು. ಮನೆಯ ಮುಖ್ಯ ಭಾಗಗಳು ಬೆಂಕಿಗೆ ಆಹುತಿಯಾದಾಗಲೂ ಇದೇ ಬಗೆಯ ನೆರವು ದೊರೆಯುತ್ತಿತ್ತು. ಆದರೆ ಒಬ್ಬನಿಗೆ ಮೂರಕ್ಕಿಂತ ಹೆಚ್ಚು ಸಲ ಈ ನೆರವನ್ನು ಕೊಡಬೇಕಾಗಿರಲಿಲ್ಲ. ಕರುಣೆಗೂ ಒಂದು ಕಟ್ಟಳೆ ಬೇಕೆಂಬುದನ್ನು ಆ ಹಿರಿಯರು ಅಂದೇ ಅರಿತಿದ್ದರು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವೆಸ್ಟ್‌ಮನ್ ದ್ವೀಪಗಳ ಬಾಳಿನಲ್ಲಿ ಒಂದು ದೊಡ್ಡ ಮಾರ್ಪಾಡು ಉಂಟಾಯಿತು. 1906ರ ಸುಮಾರಿಗೆ ಯಂತ್ರದ ದೋಣಿಗಳು ಬಳಕೆಗೆ ಬಂದವು. ಹುಟ್ಟು ಹಾಕುವ ದೋಣಿಗಳು ಹೋಗಲಾಗದ ದೂರಕ್ಕೆ ಅವು ಹೋಗಿ, ಹೆಚ್ಚು ಮೀನನ್ನು ಹಿಡಿದು ತಂದವು. 1900ರ ಸುಮಾರಿಗೆ 600ರಷ್ಟಿದ್ದ ಜನಸಂಖ್ಯೆ 1920ರ ವೇಳೆಗೆ ಎರಡು ಸಾವಿರವನ್ನು ಮೀರಿತು. ಆದರೆ ಯಂತ್ರದ ದೋಣಿಗೆ ಬೆಲೆ ಹೆಚ್ಚು. ಸಾಲವಿಲ್ಲದೆ ಅದನ್ನು ಕೊಳ್ಳುವುದು ಬಹಳ ಕಷ್ಟ. ಕಡಲಿನಲ್ಲಿ ಮುಳುಗಿಹೋಗಬಹುದಾದ ಸ್ವತ್ತನ್ನು ಆಧಾರವಾಗಿಟ್ಟುಕೊಂಡು ಸಾಲ ಕೊಡಲು ಯಾರು ಮುಂದೆ ಬಂದಾರು? ವಿಮೆಯಿದ್ದಾಗ ಈ ತೊಡಕು ಬಗೆಹರಿಯುತ್ತದೆ. ದೋಣಿ ಮುಳುಗಿದರೂ ಅದರ ಬೆಲೆ ಮುಳುಗುವುದಿಲ್ಲ. ನಷ್ಟವನ್ನು ತುಂಬುವುದರ ಜೊತೆಗೆ, ಹೊಸ ಸಾಹಸಕ್ಕೆ ಕೈಹಾಕುವ ಧೈರ್ಯವನ್ನು ಕೊಡುವುದೂ ವಿಮೆಯ ಒಂದು ಉಪಕಾರ.

ದೋಣಿಗೆ ಬೆಲೆ ಕಟ್ಟಬಹುದು. ಮನುಷ್ಯನ ಪ್ರಾಣಕ್ಕೆ ಕಟ್ಟಲಾಗದು. ಹಣದಿಂದ ಹೊಸ ದೋಣಿಯನ್ನು ಕೊಳ್ಳಬಹುದು. ಮುಳುಗಿದ ಮಗನನ್ನು ತರಲಾಗದು. ಆದುದರಿಂದ ಆಪತ್ತಿನ ಪರಿಹಾರಕ್ಕಿಂತ ಆಪತ್ತಿನ ನಿವಾರಣೆಯೇ ಮೇಲೆಂಬುದು ಆ ದ್ವೀಪದ ಜನರಿಗೆ ಬೇಗನೆ ಮನವರಿಕೆಯಾಯಿತು. 1918ರಲ್ಲಿ ಅವರು ರಕ್ಷಣಾ ಸಂಘವೊಂದನ್ನು ಕಟ್ಟಿದರು. ಹಣ ಕೂಡಿಸಿ ‘ಥೋರ್’ ಎಂಬ ಹಡಗನ್ನು ಕೊಂಡರು. 1920ರಲ್ಲಿ ದ್ವೀಪಕ್ಕೆ ಬಂದ ಆ ಹಡಗು ಬಿರುಗಾಳಿಗೆ ಸಿಕ್ಕ ದೋಣಿಗಳನ್ನು ಹುಡುಕಿ ತರುವ, ಮೀನುಗಾರರ ಬಲೆಗಳನ್ನು ಕಾಯುವ ಕೆಲಸವನ್ನು ಮಾಡಿತು. 1926ರಲ್ಲಿ ಐಸ್‌ಲೆಂಡ್ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆ ದೇಶದ ಕರಾವಳಿ ರಕ್ಷಣಾ ಪಡೆ ಆರಂಭವಾದುದು ಆ ವರ್ಷದಲ್ಲಿಯೇ. ಒಂದು ಪುಟ್ಟ ದ್ವೀಪದ ಜನ ತಮಗಾಗಿ ಮಾಡಿಕೊಂಡ ಏರ್ಪಾಡು ಇಡೀ ರಾಷ್ಟ್ರಕ್ಕೆ ದಾರಿ ತೋರಿದಂತಾಯಿತು.

1950ರ ದಶಕದ ಆರಂಭದಲ್ಲಿ ಈ ದ್ವೀಪದ ಕೆಲವು ತಂಡೇಲರು ಗಾಳಿ ತುಂಬಿ ಹಿಗ್ಗುವ ರಬ್ಬರ್ ತೆಪ್ಪಗಳನ್ನು ತಮ್ಮ ದೋಣಿಗಳಲ್ಲಿ ಇರಿಸಿಕೊಂಡರು. ರಬ್ಬರಿನ ಚೀಲವನ್ನು ನಂಬಿ ಕಡಲಿಗೆ ಹೋಗುವುದೇ ಎಂದು ಹಲವರು ಸಂದೇಹಪಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ 1952ರಲ್ಲಿ ‘ವೇಗಾ’ ಎಂಬ ದೋಣಿ ಮುಳುಗಿದಾಗ, ತೆಪ್ಪವನ್ನೇರಿದವರು ಬದುಕಿ ಉಳಿದರು. ಸಂದೇಹ ದೂರವಾಯಿತು. ಕಾಲಕ್ರಮದಲ್ಲಿ ಐಸ್‌ಲೆಂಡಿನ ಮೀನುಗಾರಿಕೆಯ ದೋಣಿಗಳಲ್ಲೆಲ್ಲ ಇಂಥ ತೆಪ್ಪಗಳು ಕಡ್ಡಾಯವಾದವು. ಆದರೂ ಒಂದು ಕೊರತೆ ಉಳಿದಿತ್ತು. ದೋಣಿ ಹಠಾತ್ತನೆ ಮಗುಚಿಕೊಂಡಾಗ ತೆಪ್ಪವನ್ನು ಬಿಚ್ಚಿ ನೀರಿಗೆ ಹಾಕಲು ಸಮಯವೇ ಸಿಗುತ್ತಿರಲಿಲ್ಲ. ಇದನ್ನು ಮನಗಂಡು ಅದೇ ದ್ವೀಪದ ಸಿಗ್ಮುಂಡ್ ಜೋಹಾನ್ಸನ್ ಎಂಬಾತನು ತೆಪ್ಪವನ್ನು ಒಂದೇ ಎಳೆತಕ್ಕೆ ಹೊರಕ್ಕೆ ಚಿಮ್ಮಿಸುವ ಸಾಧನವೊಂದನ್ನು ರೂಪಿಸಿದನು. ಆತನು ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದ. 1980ರ ದಶಕದ ಆರಂಭದಲ್ಲಿ ಈ ಸಾಧನ ದೋಣಿಗಳಲ್ಲಿ ಅಳವಡತೊಡಗಿತು.

ಅದರ ಅಗತ್ಯವೆಷ್ಟೆಂಬುದನ್ನು 1984ರ ಮಾರ್ಚ್ ತಿಂಗಳ ಒಂದು ರಾತ್ರಿ ಎಲ್ಲರಿಗೂ ನೆನಪಿಸಿಕೊಟ್ಟಿತು. ದ್ವೀಪದ ಸಮೀಪದಲ್ಲಿ ಮೀನುಗಾರಿಕೆಯ ದೋಣಿಯೊಂದು ಮಗುಚಿತು. ಅದರಲ್ಲಿದ್ದ ಐವರಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು. ಇಪ್ಪತ್ತೆರಡು ವರ್ಷದ ಒಬ್ಬ ಯುವಕ ಮಾತ್ರ ಕೊರೆಯುವ ನೀರಿನಲ್ಲಿ ಐದಾರು ಗಂಟೆಗಳ ಕಾಲ ಈಜಿ ದಡ ಸೇರಿದನು. ಬಳಿಕ ಬರಿಗಾಲಿನಲ್ಲಿ ಹರಿತವಾದ ಲಾವಾಶಿಲೆಗಳನ್ನು ದಾಟಿ ಊರನ್ನು ಮುಟ್ಟಿದನು. ಜಗತ್ತಿನ ವೈದ್ಯರು ಆ ಸಂಗತಿಯನ್ನು ಕಂಡು ಬೆರಗಾದರು. ಆದರೆ ದ್ವೀಪದವರಿಗೆ ಮರೆಯಲಾಗದುದು ಮರಳಿ ಬಾರದ ಆ ನಾಲ್ವರು. ಇಂದಿಗೂ ಪ್ರತಿ ವರ್ಷ ಆ ಘಟನೆಯ ನೆನಪಿಗಾಗಿ ಅಲ್ಲಿ ಜನ ಕೊಳದಲ್ಲಿ ಅಷ್ಟೇ ದೂರವನ್ನು ಈಜುತ್ತಾರೆ.

ಊರಿನ ವಿಮಾ ಸಂಘದ ಬಲವೇನೆಂಬುದನ್ನು ಇಲ್ಲಿಯವರೆಗೆ ನೋಡಿದುದಾಯಿತು. ಅದರ ದೌರ್ಬಲ್ಯವನ್ನೂ ಅರಿಯುವುದು ಆವಶ್ಯಕ. ಮೇಲಿನ ಲೆಕ್ಕಕ್ಕೆ ಮತ್ತೊಮ್ಮೆ ಬರೋಣ. ಹತ್ತು ವರ್ಷಗಳಲ್ಲಿ ಮುಳುಗಬೇಕಾದ 4 ದೋಣಿಗಳೂ ಮೊದಲನೆಯ ವರ್ಷವೇ ಒಂದೇ ಬಿರುಗಾಳಿಗೆ ಸಿಕ್ಕಿ ಮುಳುಗಿದುವೆನ್ನೋಣ. ಆಗ ಸಂಘದ ನಿಧಿಯಲ್ಲಿರುವುದು 400 ರೂಪಾಯಿ. ಕೊಡಬೇಕಾದುದು 4,000 ರೂಪಾಯಿ. ಹತ್ತು ಜನರ ಹುಲ್ಲುಕಡ್ಡಿಯಿಂದ ಒಬ್ಬನ ಹೊರೆಯಾಗುತ್ತದೆ ನಿಜ. ಆದರೆ ಹತ್ತು ಜನರ ಬಣವೆಗಳಿಗೂ ಒಮ್ಮೆಲೇ ಬೆಂಕಿ ಬಿದ್ದರೆ ಯಾರು ಯಾರಿಗೆ ಕಡ್ಡಿಯನ್ನು ಕೊಡಬೇಕು? ಒಂದೇ ಬಂದರು, ಒಂದೇ ಕಡಲು, ಒಂದೇ ಗಾಳಿಯನ್ನು ನೆಚ್ಚಿದ ಜನರಿಗೆ ಆಪತ್ತೂ ಒಟ್ಟಿಗೇ ಬರಬಹುದು. ಆದುದರಿಂದಲೇ ಸಣ್ಣ ವಿಮಾ ಸಂಘಗಳು ತಮ್ಮ ಹೊಣೆಯ ಒಂದು ಭಾಗವನ್ನು ದೊಡ್ಡ ಸಂಸ್ಥೆಗಳಿಗೆ ವಹಿಸಿ, ಅದಕ್ಕಾಗಿ ತಾವೂ ಕಂತನ್ನು ಕಟ್ಟುತ್ತವೆ. ಇದಕ್ಕೆ ಮರುವಿಮೆಯೆಂದು ಹೆಸರು. ವಿಮೆ ಮಾಡುವವರೇ ವಿಮೆ ಮಾಡಿಸಿಕೊಳ್ಳುವ ಬಗೆ ಇದು. ಇದರಿಂದ ಒಂದು ದ್ವೀಪದ ನಷ್ಟ ಹಲವು ದೇಶಗಳ ನಡುವೆ ಹಂಚಿಹೋಗುತ್ತದೆ.

ಈ ಮಾತಿನ ಸತ್ಯ 1973ರಲ್ಲಿ ವೆಸ್ಟ್‌ಮನ್ ದ್ವೀಪಗಳ ಜನರ ಕಣ್ಮುಂದೆಯೇ ಬಯಲಾಯಿತು. ಆ ವರ್ಷದ ಜನವರಿ 23ರಂದು ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ ಊರಿನ ಅಂಚಿನಲ್ಲಿಯೇ ನೆಲ ಸೀಳಿ, ಒಂದೂವರೆ ಕಿಲೋಮೀಟರಿಗೂ ಉದ್ದವಾದ ಬಿರುಕಿನಿಂದ ಬೆಂಕಿಯ ಕಾರಂಜಿಗಳು ಚಿಮ್ಮತೊಡಗಿದವು. ಆಗ ದ್ವೀಪದಲ್ಲಿ ಸುಮಾರು 5,300 ಜನರಿದ್ದರು. ಹಿಂದಿನ ದಿನ ಬಿರುಗಾಳಿಯಿದ್ದುದರಿಂದ ಮೀನುಗಾರಿಕೆಯ ದೋಣಿಗಳೆಲ್ಲ ಕಡಲಿಗೆ ಹೋಗದೆ ಬಂದರಿನಲ್ಲಿಯೇ ತಂಗಿದ್ದವು. ಅದೇ ದೊಡ್ಡ ಭಾಗ್ಯವಾಯಿತು. ಮಕ್ಕಳನ್ನೂ ಮುದುಕರನ್ನೂ ರೋಗಿಗಳನ್ನೂ ಹೊತ್ತುಕೊಂಡು ಆ ದೋಣಿಗಳು ರಾತ್ರಿಯೊಳಗೆ ಬಹುಪಾಲು ಜನರನ್ನು ಮುಖ್ಯಭೂಮಿಗೆ ತಲಪಿಸಿದವು. ದೋಣಿಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ತಲೆತಲಾಂತರದ ಶಿಸ್ತು ಆ ರಾತ್ರಿ ಇಡೀ ಊರನ್ನೇ ಕಾಪಾಡಿತು.

ಬೆಂಕಿಯ ಹೊನಲು ಜುಲೈ ತಿಂಗಳ ಆರಂಭದವರೆಗೂ ಹರಿಯಿತು. ಬೂದಿಯ ಭಾರಕ್ಕೆ ಮನೆಗಳು ಕುಸಿದವು. ಲಾವಾರಸ ಬೀದಿಗಳನ್ನೇ ನುಂಗಿತು. ಸುಮಾರು 400 ಮನೆಗಳು ನಾಶವಾದವು. ಲಾವಾರಸವು ಬಂದರಿನ ಬಾಯನ್ನು ಮುಚ್ಚಿಬಿಟ್ಟರೆ ದ್ವೀಪದ ಬಾಳು ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ತಡೆಯಲು ಕಡಲಿನ ನೀರನ್ನೇ ಪಂಪುಗಳಿಂದ ಎತ್ತಿ ಉರಿಯುವ ಹೊನಲಿನ ಮೇಲೆ ತಿಂಗಳುಗಟ್ಟಲೆ ಸುರಿದರು. ಭೌತವಿಜ್ಞಾನಿ ಥೋರ್ಬ್ಯಾರ್ನ್ ಸಿಗುರ್ಗೇರ್ಸನ್ ಈ ಉಪಾಯಕ್ಕೆ ಪ್ರೇರಕನಾಗಿದ್ದನು. ನೀರಿನಿಂದ ತಣಿದ ಲಾವಾರಸ ಗೋಡೆಯಂತೆ ಗಟ್ಟಿಯಾಗಿ, ಹಿಂದಿನಿಂದ ಬರುವುದಕ್ಕೆ ಅಡ್ಡವಾಯಿತು. ಬಂದರು ಉಳಿಯಿತು. ಅಷ್ಟೇ ಅಲ್ಲ, ಹೊಸ ನೆಲದ ಆಸರೆಯಿಂದ ಅದು ಮೊದಲಿಗಿಂತಲೂ ಸುರಕ್ಷಿತವಾಯಿತು. ದ್ವೀಪದ ವಿಸ್ತಾರವೂ ಎರಡು ಚದರ ಕಿಲೋಮೀಟರಿಗೂ ಮಿಗಿಲಾಗಿ ಹೆಚ್ಚಿತು.

ಆದರೆ ಮನೆ ಕಳೆದುಕೊಂಡವರ ಗತಿಯೇನು? ದೋಣಿಗೆ ಮಾಡಿಸಿದ ವಿಮೆ ಮನೆಗೆ ಒದಗುವುದಿಲ್ಲ. ಸಾಮಾನ್ಯವಾದ ಬೆಂಕಿವಿಮೆಯಾದರೂ ಜ್ವಾಲಾಮುಖಿಯನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದುದಲ್ಲ. ಇಡೀ ಊರೇ ಆಪತ್ತಿಗೆ ಸಿಕ್ಕಿದಾಗ ಊರಿನೊಳಗಿನ ಯಾವ ನಿಧಿಯೂ ಸಾಕಾಗುವುದಿಲ್ಲ. ಆಗ ರಾಷ್ಟ್ರವೇ ಮುಂದೆ ಬಂದಿತು. ಅಂದು ಐಸ್‌ಲೆಂಡಿನ ಒಟ್ಟು ಜನಸಂಖ್ಯೆ ಸುಮಾರು 2,10,000. ಎಂದರೆ, ಆ ದೇಶದ ಪ್ರತಿ ನಲವತ್ತು ಜನರಲ್ಲಿ ಒಬ್ಬನು ಒಂದೇ ರಾತ್ರಿಯಲ್ಲಿ ನಿರಾಶ್ರಿತನಾಗಿದ್ದನು. ಪಾರ್ಲಿಮೆಂಟು ಕೆಲವೇ ದಿನಗಳಲ್ಲಿ ಒಂದು ಪರಿಹಾರನಿಧಿಯನ್ನು ಸ್ಥಾಪಿಸಿತು. ಅದಕ್ಕಾಗಿ ಜನ ಹೆಚ್ಚಿನ ತೆರಿಗೆಯನ್ನು ತೆತ್ತರು. ನೆರೆಯ ಉತ್ತರ ಯುರೋಪಿನ ದೇಶಗಳೂ ಉದಾರವಾಗಿ ನೆರವಾದವು. ಆ ನಿಧಿಯಿಂದ ಮನೆ ಕಳೆದುಕೊಂಡವರಿಗೆ ಪರಿಹಾರ ದೊರೆಯಿತು. ಮುಖ್ಯಭೂಮಿಯಲ್ಲಿ ಅವರಿಗಾಗಿ ಮರದ ಮನೆಗಳು ಎದ್ದವು. ಬೂದಿಯನ್ನು ತೋಡಿ ತೆಗೆದು ಊರನ್ನು ಮತ್ತೆ ಕಟ್ಟುವ ಕೆಲಸಕ್ಕೂ ಹಣವೊದಗಿತು. ಕೆಲವೇ ವರ್ಷಗಳಲ್ಲಿ ನಾಲ್ಕು ಸಾವಿರಕ್ಕೂ ಮಿಗಿಲಾದ ಜನ ದ್ವೀಪಕ್ಕೆ ಮರಳಿದ್ದರು.

ಆಪತ್ತು ಬಂದ ಮೇಲೆ ನಿಧಿ ಕೂಡಿಸುವುದಕ್ಕಿಂತ ಬರುವ ಮೊದಲೇ ಕೂಡಿಸಿಡುವುದು ಲೇಸೆಂಬ ಪಾಠವನ್ನು ಆ ದೇಶ ಕಲಿಯಿತು. 1975ರಲ್ಲಿ ನೈಸರ್ಗಿಕ ವಿಪತ್ತುಗಳಿಗಾಗಿಯೇ ಒಂದು ವಿಮಾ ಸಂಸ್ಥೆಯನ್ನು ಕಾನೂನಿನ ಮೂಲಕ ರಚಿಸಲಾಯಿತು. ಐಸ್‌ಲೆಂಡಿನಲ್ಲಿ ಪ್ರತಿಯೊಂದು ಕಟ್ಟಡಕ್ಕೂ ಬೆಂಕಿವಿಮೆ ಕಡ್ಡಾಯ. ಆ ಕಂತಿನೊಡನೆಯೇ ಒಂದು ಸಣ್ಣ ಮೊತ್ತವನ್ನು ಈ ಸಂಸ್ಥೆಗಾಗಿ ಸಂಗ್ರಹಿಸಲಾಗುತ್ತದೆ. ಜ್ವಾಲಾಮುಖಿ, ಭೂಕಂಪ, ಹಿಮಕುಸಿತ, ಭೂಕುಸಿತ, ಪ್ರವಾಹ—ಈ ಐದು ಬಗೆಯ ಉತ್ಪಾತಗಳಿಂದ ಕಟ್ಟಡಗಳಿಗಾಗುವ ಹಾನಿಯನ್ನು ಅದು ತುಂಬಿಕೊಡುತ್ತದೆ. ಎಲ್ಲರೂ ಸೇರಲೇಬೇಕೆಂಬ ಕಟ್ಟಳೆಗೆ ಕಾರಣವಿದೆ. ಸೇರುವುದು ಅವರವರ ಇಚ್ಛೆಗೆ ಬಿಟ್ಟದ್ದಾದರೆ ಜ್ವಾಲಾಮುಖಿಯ ನೆರಳಿನಲ್ಲಿ ಇರುವವರು ಮಾತ್ರ ಸೇರುವರು. ದೂರದ ನಗರದವರು ಹಿಂದೆ ಸರಿಯುವರು. ಆಗ ಕಂತು ಏರಿ, ಅದನ್ನು ತೆರಲಾಗದೆ ಬಡವರು ಹೊರಗುಳಿಯುವರು. ಎಲ್ಲರೂ ಸೇರಿದಾಗ ಮಾತ್ರ ಎಲ್ಲರಿಗೂ ಅದು ಹುಲ್ಲುಕಡ್ಡಿಯ ಭಾರವಾಗಿ ಉಳಿಯುತ್ತದೆ. 2000 ಮತ್ತು 2008ರಲ್ಲಿ ದಕ್ಷಿಣ ಐಸ್‌ಲೆಂಡ್ ಭೂಕಂಪಗಳಿಂದ ನಡುಗಿದಾಗ ಈ ಸಂಸ್ಥೆ ಸಾವಿರಾರು ಕುಟುಂಬಗಳ ನೆರವಿಗೆ ಬಂದಿತು. 2018ರಿಂದ ಅದು ಹೊಸ ಹೆಸರಿನಲ್ಲಿ ಕಾರ್ಯ ನಡೆಸುತ್ತಿದೆ.

ಆದರೆ ಇಂಥ ವ್ಯವಸ್ಥೆಯೂ ಎಲ್ಲ ಪ್ರಶ್ನೆಗಳಿಗೆ ಉತ್ತರವಾಗಲಾರದು. 2023ರ ನವೆಂಬರ್ 10ರಂದು ಭೂಮಿ ಬಿರುಕುಬಿಟ್ಟು, ಗ್ರಿಂಡಾವಿಕ್ ಎಂಬ ಮೀನುಗಾರರ ಪಟ್ಟಣವನ್ನು ತೆರವು ಮಾಡಬೇಕಾಯಿತು. 2024ರ ಜನವರಿಯಲ್ಲಿ ಲಾವಾರಸ ಪಟ್ಟಣದೊಳಕ್ಕೆ ನುಗ್ಗಿ ಕೆಲವು ಮನೆಗಳನ್ನು ಸುಟ್ಟಿತು. ಹಾನಿಯಾದ ಮನೆಗಳಿಗೆ ವಿಮೆಯಿಂದ ಪರಿಹಾರ ದೊರೆಯುವಂತಿತ್ತು. ಆದರೆ ಬಹುಪಾಲು ಮನೆಗಳು ನೆಟ್ಟಗೆ ನಿಂತಿದ್ದವು. ಅವುಗಳಲ್ಲಿ ವಾಸಿಸುವುದು ಮಾತ್ರ ಅಪಾಯಕರವಾಗಿತ್ತು. ಗೋಡೆ ಬಿದ್ದರೆ ವಿಮೆಯುಂಟು. ಗೋಡೆ ನಿಂತು ಬಾಳು ಬಿದ್ದರೆ ಯಾವ ವಿಮೆಯುಂಟು? ಈ ತೊಡಕನ್ನು ಬಿಡಿಸಲು ಸರ್ಕಾರವೇ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಒಪ್ಪಿದವರ ಮನೆಗಳನ್ನು ಬೆಂಕಿವಿಮೆಯ ಬೆಲೆಯ ನೂರಕ್ಕೆ 95ರಷ್ಟನ್ನು ಕೊಟ್ಟು ಕೊಂಡುಕೊಳ್ಳುವ ಏರ್ಪಾಡನ್ನು ಮಾಡಿತು. ಕಾನೂನಿನ ಅಕ್ಷರಗಳಿಗೆ ನಿಲುಕದ ಕಡೆಗೆ ಕೈಚಾಚುವುದು ಸಮಾಜದ ಹೊಣೆಯೆಂಬುದನ್ನು ಇದು ತೋರಿಸುತ್ತದೆ.

ಹೀಗೆ, ಬೆರಳೆಣಿಕೆಯ ದೋಣಿಗಳಿಗಾಗಿ 1862ರಲ್ಲಿ ಒಂದು ಬಡ ದ್ವೀಪದ ಜನ ಮಾಡಿಕೊಂಡ ಒಪ್ಪಂದದ ಹಿಂದಿನ ಭಾವನೆಯೇ ಮುಂದೆ ಇಡೀ ರಾಷ್ಟ್ರದ ವ್ಯವಸ್ಥೆಯಲ್ಲಿ ವಿಸ್ತಾರವಾಗಿ ಕಾಣಿಸಿಕೊಂಡಿತು. ಊರಿನ ಸಂಘ ಊರನ್ನು ಬಲ್ಲದು. ಆದರೆ ಅದರ ಶಕ್ತಿ ಅಲ್ಪ. ರಾಷ್ಟ್ರದ ನಿಧಿಗೆ ಶಕ್ತಿಯುಂಟು; ಆದರೆ ಅದು ಪ್ರತಿಯೊಬ್ಬನ ದೋಣಿಯ ಹಲಗೆಯನ್ನು ಮುಟ್ಟಿ ನೋಡಲಾರದು. ಇವೆರಡೂ ಒಂದಕ್ಕೊಂದು ಪೂರಕವಾದಾಗ ಜನರಿಗೆ ನಿಜವಾದ ರಕ್ಷಣೆ ದೊರೆಯುತ್ತದೆ. ವಿಮೆಯ ಪುಸ್ತಕದಲ್ಲಿ ಕಾಣುವುದು ಅಂಕಿಗಳು ಮಾತ್ರ. ಆದರೆ ಕಂತು ಕಟ್ಟಿದ ದೋಣಿ ವರ್ಷಾಂತ್ಯಕ್ಕೆ ಸುಖವಾಗಿ ದಡ ಸೇರಿದಾಗ, ಆ ಹಣ ವ್ಯರ್ಥವಾಯಿತೆಂದು ವಿವೇಕಿಯಾದ ಮೀನುಗಾರನು ಎಣಿಸುವುದಿಲ್ಲ. ಅದು ಮುಳುಗಿದ ದೋಣಿಯ ಒಡೆಯನ ಮನೆಯಲ್ಲಿ ಒಲೆಯನ್ನು ಉರಿಸಿದೆಯೆಂಬುದು ಅವನಿಗೆ ಗೊತ್ತು. ಮುಂದಿನ ವರ್ಷ ಆ ಒಲೆ ತನ್ನದೂ ಆಗಬಹುದೆಂಬುದೂ ಗೊತ್ತು. ಹೇಮಾಯ್ ದ್ವೀಪದಲ್ಲಿ ಇಂದು ನಾಲ್ಕು ಸಾವಿರಕ್ಕೂ ಹೆಚ್ಚು ಜನ ವಾಸಿಸುತ್ತಿದ್ದಾರೆ. 1973ರ ಬೆಂಕಿಯಿಂದ ಹುಟ್ಟಿದ ಎಲ್ಡ್‌ಫೆಲ್ ಬೆಟ್ಟ ಊರಿನ ಪಕ್ಕದಲ್ಲಿಯೇ ನಿಂತಿದೆ. ಅದರ ಬುಡದಲ್ಲಿರುವ ಬಂದರಿನಿಂದ ಪ್ರತಿ ಚಳಿಗಾಲದಲ್ಲಿಯೂ ದೋಣಿಗಳು ಕಡಲಿಗೆ ಹೊರಡುತ್ತವೆ.